‘ಪ್ಯೂರ್’ ಓಕ್‌ಮಾಸ್ ಹಚ್ಚಿಕೊಳ್ಳುವ ಮುಂಚೆ ನನ್ನ ಕುತ್ತಿಗೆಯ ಕಥೆ ಕೇಳಿ

ಹುಬ್ಬಳ್ಳಿಯಲ್ಲಿ ಅತ್ತರ್ ಅಂಗಡಿ ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಹಾಗೆ ನಿಂತಾಗ ಸಿಕ್ಕಿದ್ದು ಒಂದು ಪುಟ್ಟ ಬಾಟಲಿ. ಒಳಗೆ ಕಾಕಂಬಿಯಂಥ ಗಟ್ಟಿ, ಕಡುಹಸಿರು ದ್ರವ. ‘ಓಕ್‌ಮಾಸ್, ಪ್ಯೂರ್’ ಅಂತ ಚೀಟಿ. ಮೂಸಿದರೆ ಹಸಿ ತೊಗಟೆ, ಮಳೆ ನಿಂತ ಮೇಲಿನ ಕಾಡು.

“ಹಂಗ ಹಚ್ಕೋಬಹುದೇನ್ರಿ?”

“ನಮ್ಮ ಕಲ್ಲಹೂವಿನ ಬಳಗಾನ ರೀ ಇದು. ಮಸಾಲಿಗೆ ಹಾಕಿ ತಿಂತೀವಿ, ಹಚ್ಕೊಂಡ್ರ ಏನಾಗ್ತೈತ್ರಿ?”

ಬಳಗ ಅನ್ನೋದು ನಿಜ. ಹೆಸರಲ್ಲಿ ಮಾಸ್ ಇದ್ದರೂ ಅದು ಪಾಚಿಯಲ್ಲ, ಯುರೋಪಿನ ಓಕ್ ಮರಗಳ ಮೇಲೆ ಬೆಳೆಯುವ ಕಲ್ಲುಹೂವು. 1917ರಲ್ಲಿ ಫ್ರಾನ್ಸಿನ ಸೆಂಟ್ ತಯಾರಕ ಫ್ರಾಂಸ್ವಾ ಕೋಟಿ ತಂದ ‘ಶೀಪ್ರ್’ ಸೆಂಟಿನ ತಳದಲ್ಲಿದ್ದದ್ದೂ ಇದೇ. ಆದರೆ ಒಂದು ಚಿಟಿಕೆ ಮಸಾಲೆಗೆ ಬೀಳೋದಕ್ಕೂ, ಅದರ ಸಾರ ತೆಗೆದು ಚರ್ಮಕ್ಕೆ ಬಳಿಯೋದಕ್ಕೂ ಸಂಬಂಧ ಇದೆಯಾ? ನನಗೆ ಆಗ ಹೊಳೆಯಲಿಲ್ಲ.

ದಿನಾ ಶೇವ್ ಮಾಡಿದ ಕುತ್ತಿಗೆಗೇ ಹಚ್ಚಿದೆ. ಎರಡು ವಾರ ಏನೂ ಆಗಲಿಲ್ಲ. ಮೋಸ ಇರೋದೇ ಇಲ್ಲಿ, ಅಲರ್ಜಿ ಒಳಗೊಳಗೇ ತಯಾರಾಗುತ್ತದೆ. ಗದಗಿನಲ್ಲಿ ಅಕ್ಕನ ಮಗನ ಮದುವೆಗೆ ಜಾಸ್ತಿನೇ ಬಳಿದುಕೊಂಡೆ. ಮರುದಿನ ತುರಿಕೆ. ಬೆವರುಸಾಲೆ ಅಂದುಕೊಂಡು ಅವ್ವ ಕೊಬ್ಬರಿ ಎಣ್ಣೆ ಸವರಿದಳು. ಮೂರನೇ ದಿನ ನೀರುಗುಳ್ಳೆ ಎದ್ದು ಸೋರತೊಡಗಿತು.

ಗಾಯ ಆರಿದ ಮೇಲೆ ಯಾವುದರಿಂದ ಅಲರ್ಜಿ ಅಂತ ನೋಡಲು ಚರ್ಮದ ಡಾಕ್ಟರು ಬೇರೆ ಬೇರೆ ವಸ್ತುಗಳ ಪ್ಯಾಚ್ ಟೆಸ್ಟ್ ಪಟ್ಟಿ ಬೆನ್ನಿಗೆ ಅಂಟಿಸಿದರು. 48 ತಾಸು ಬೆನ್ನಿಗೆ ನೀರು ತಾಗಿಸುವಂತಿಲ್ಲ, ಅದೂ ಮೇ ತಿಂಗಳಲ್ಲಿ! ಓಕ್‌ಮಾಸ್ ಇದ್ದ ಜಾಗ ಕೆಂಪಗೆ ಉಬ್ಬಿತ್ತು.

ಕಾರಣ ಅದರೊಳಗಿನ ಅಟ್ರನಾಲ್, ಕ್ಲೋರೋಅಟ್ರನಾಲ್ ಅನ್ನೋ ರಾಸಾಯನಿಕಗಳು. ಯಾರೂ ಬೆರೆಸಿದ್ದಲ್ಲ, ಸಾರದಲ್ಲೇ ಇರುವಂಥವು. ಅಂದರೆ ‘ಪ್ಯೂರ್’ ಆದಷ್ಟೂ ಅಪಾಯ ಜಾಸ್ತಿ. ಯುರೋಪಿಯನ್ ಒಕ್ಕೂಟ 2017ರಲ್ಲಿ ಇವೆರಡನ್ನೂ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿತು. ಚರ್ಮದ ಮೇಲೆ ಉಳಿಯುವ ಸೆಂಟಿನಲ್ಲಿ ಓಕ್‌ಮಾಸ್ ಶೇಕಡಾ 0.1 ದಾಟಬಾರದು ಅಂತ ಸೆಂಟ್ ಉದ್ಯಮದವರೇ ನಿಯಮ ಮಾಡಿಕೊಂಡಿದ್ದಾರೆ. ನಾನು ಹಚ್ಚಿದ್ದು ಬಾಟಲಿಯಿಂದ ನೇರ.

ಅತ್ತರ್ ಪ್ರಿಯರೇ, ನೇರ ಸಾರ ಮೈಗೆ ತಾಗಿಸಬೇಡಿ. ಒಮ್ಮೆ ಅಲರ್ಜಿ ಅಂಟಿದರೆ ಸಾಮಾನ್ಯವಾಗಿ ಜೀವಮಾನವಿಡೀ ಇರುತ್ತದೆ. ನಾನೀಗ ಆಫ್ಟರ್‌ಶೇವ್ ಕೊಳ್ಳುವಾಗಲೂ ಚೀಟಿಯಲ್ಲಿ ಓಕ್‌ಮಾಸ್‌ನ ವೈಜ್ಞಾನಿಕ ಹೆಸರು ‘ಎವರ್ನಿಯಾ ಪ್ರುನಾಸ್ಟ್ರಿ’ ಇದೆಯಾ ಅಂತ ಹುಡುಕುತ್ತೇನೆ.

ಅಂಗಡಿಯವನಿಗೆ ಹೇಳಿದರೆ “ನಿಮ್ಮ ಚರ್ಮಾನ ಹಂಗ ಇರಬೇಕ್ರಿ” ಅಂದ. ಮದುವೆಯ ಜುಬ್ಬಾ ಮೂರು ಸಲ ಒಗೆಸಿದೆ. ಹಾಕಿಕೊಂಡ ಮರುದಿನ ಕಾಲರ್ ಸುತ್ತ ಮತ್ತೆ ತುರಿಕೆ. ಈಗ ಅದು ಬೈಕ್ ಒರೆಸುವ ಬಟ್ಟೆ.