ಅದೇ ಔಷಧ, ಬೇರೆ ವಾಹಕ: ಯಾರಿಗೆ ಯಾವುದು?

ಬೀದರ್‌ನ ಓದುಗರೊಬ್ಬರ ತಾಯಿಗೆ ಸ್ತನ ಕ್ಯಾನ್ಸರ್, ಜೊತೆಗೆ ಸಕ್ಕರೆ ಕಾಯಿಲೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧದ ಸಾಮಾನ್ಯ ರೂಪ ಒಳ್ಳೆಯದೋ, ನ್ಯಾನೋ ರೂಪವೋ ಎಂದು ಕೇಳಿದ್ದಾರೆ.

ಸಾಮಾನ್ಯ ರೂಪವನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಮತ್ತು ಮದ್ಯಸಾರದಲ್ಲಿ ಕರಗಿಸಿರುತ್ತಾರೆ. ಆ ದ್ರಾವಕದಿಂದ ತೀವ್ರ ಅಲರ್ಜಿ ಆಗಬಹುದಾದ್ದರಿಂದ ಮೊದಲೇ ಸ್ಟೀರಾಯ್ಡ್ ಕೊಡುತ್ತಾರೆ. ಅದು ಸಕ್ಕರೆಯನ್ನು ಏರಿಸುತ್ತದೆ. ನ್ಯಾನೋ ರೂಪದಲ್ಲಿ ಔಷಧ ಸುಮಾರು 130 ನ್ಯಾನೋಮೀಟರ್‌ನ ಆಲ್ಬುಮಿನ್ ಎಂಬ ಪ್ರೋಟೀನ್‌ನ ಕಣಗಳಲ್ಲಿರುತ್ತದೆ. ಸ್ಟೀರಾಯ್ಡ್ ಸಾಮಾನ್ಯವಾಗಿ ಬೇಕಿಲ್ಲ. ಮೂರು ವಾರಕ್ಕೊಮ್ಮೆ ಕೊಡುವಾಗ ಸಾಮಾನ್ಯ ರೂಪಕ್ಕೆ 3 ಗಂಟೆ, ಇದಕ್ಕೆ 30 ನಿಮಿಷ. ಕಲಬುರಗಿಗೆ ಹೋಗಿ ಅಂದೇ ಮರಳುವವರಿಗೆ ಇದು ಸಣ್ಣ ಮಾತಲ್ಲ.

ಆದರೆ ಕೈಕಾಲು ಜೋಮು ಹಿಡಿಯುವುದು ನ್ಯಾನೋದಲ್ಲೇ ಹೆಚ್ಚಿರಬಹುದು. ಸಕ್ಕರೆಯಿಂದ ಪಾದಗಳು ಈಗಾಗಲೇ ಮರಗಟ್ಟಿದ್ದರೆ ವೈದ್ಯರಿಗೆ ತಪ್ಪದೇ ಹೇಳಿ.

ಬೆಲೆಯಲ್ಲಿ ಸಾಮಾನ್ಯ ರೂಪವೇ ಅಗ್ಗ. ಸಕ್ಕರೆ ಹತೋಟಿಯಲ್ಲಿದ್ದರೆ ಅದೇ ಸಾಕು ಎನ್ನುತ್ತೇನೆ. ಅಲರ್ಜಿಯಾಗಿದ್ದರೆ, ಸ್ಟೀರಾಯ್ಡ್ ಒಗ್ಗದಿದ್ದರೆ ನ್ಯಾನೋ. ಆಯುಷ್ಮಾನ್ ಕಾರ್ಡ್‌ನಲ್ಲಿ ಯಾವುದು ಸಿಗುತ್ತದೆ ಎಂದು ಕಲಬುರಗಿಯ ಕಿದ್ವಾಯಿ ಕೇಂದ್ರದಲ್ಲಿ ಮೊದಲೇ ವಿಚಾರಿಸಿ.