ರೋಮಿಯೋ ಮತ್ತು ಜೂಲಿಯೆಟ್: ಟಿಪ್ಪಣಿಸಹಿತ ಮುದ್ರಣದ ವಿಮರ್ಶೆ

ಎಡಪುಟದಲ್ಲಿ ಟಿಪ್ಪಣಿ, ಬಲಪುಟದಲ್ಲಿ ಮೂಲಪಾಠವಿರುವ ಈ ಮುದ್ರಣವನ್ನು, ಶೇಕ್ಸ್‌ಪಿಯರ್‌ನ ಈ ದುರಂತನಾಟಕವನ್ನು ಬರಿಯ ಅಮರಪ್ರೇಮದ ಕಥೆಯೆಂದು ನಂಬಿರುವವರು ಅವಶ್ಯ ಓದಬೇಕು. ನಾಟಕಕ್ಕೆ ಆಕರವಾದ ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಿ 16ರ ಆಸುಪಾಸಿನಲ್ಲಿದ್ದ ಜೂಲಿಯೆಟ್‌ಗೆ ಇಲ್ಲಿ 14 ಕೂಡ ತುಂಬಿಲ್ಲ. ಅಲ್ಲಿ ತಿಂಗಳುಗಟ್ಟಲೆ ಸಾಗುವ ಕಥೆ ಇಲ್ಲಿ ನಾಲ್ಕೈದು ದಿನಗಳಲ್ಲೇ ಮುಗಿದುಹೋಗುತ್ತದೆ.

ಎರಡನೇ ಅಂಕದ ಟಿಪ್ಪಣಿಗಳು ನಿಜಕ್ಕೂ ಅಮೂಲ್ಯವಾಗಿವೆ. ಈ ಬಂಧ ಮಿಂಚಿನಂತೆ ತೀರಾ ದಿಢೀರನೆ ಆಯಿತೆಂದು ಸ್ವತಃ ಹೇಳುವ ಜೂಲಿಯೆಟ್, ಅದೇ ದೃಶ್ಯದಲ್ಲಿ ಮರುದಿನವೇ ಮದುವೆಯ ಏರ್ಪಾಡಾಗಲೆಂದು ಬಯಸುವುದನ್ನು ಸಂಪಾದಕರು ಸಾಲುಸಾಲಾಗಿ ಬಿಡಿಸಿ ತೋರಿಸುತ್ತಾರೆ. ನಿನ್ನೆಯವರೆಗೂ ರೋಸಲೀನಳೆಂಬ ಬೇರೊಬ್ಬ ಹುಡುಗಿಗಾಗಿ ಕಣ್ಣೀರಿಡುತ್ತಿದ್ದ ರೋಮಿಯೋನನ್ನು ಗದರಿಸಿದ ಪಾದ್ರಿ ಲಾರೆನ್ಸ್, ಇಬ್ಬರ ಮನೆತನಗಳ ನಡುವಿನ ಹಗೆ ಇದರಿಂದ ತೀರೀತೆಂಬ ಆಸೆಯಿಂದ ಅಂದೇ ಮದುವೆ ಮಾಡಿಸುವುದು ನನಗೆ ಇನ್ನೂ ಹೆಚ್ಚು ನೋವು ತರುತ್ತದೆ.

ಕೊರತೆಯೊಂದಿದೆ. ಮಗಳ ಮದುವೆಗೆ ಇನ್ನೆರಡು ವರ್ಷ ಕಾಯಬೇಕೆಂದಿದ್ದ ತಂದೆ ಕ್ಯಾಪುಲೆಟ್, ಕೆಲವೇ ದಿನಗಳಲ್ಲಿ ಪ್ಯಾರಿಸ್ ಎಂಬ ಯುವಕನೊಡನೆ ಅವಳ ಮದುವೆ ಗೊತ್ತುಮಾಡಿ, ಒಪ್ಪದವಳನ್ನು ಬೀದಿಗಟ್ಟುವೆನೆಂದು ಅಬ್ಬರಿಸುವ ದೃಶ್ಯಕ್ಕೆ ಇಲ್ಲಿರುವುದು ಪದಗಳ ಅರ್ಥಗಳು ಮಾತ್ರ. ಹಿರಿಯರ ಈ ದುಡುಕನ್ನು ಚರ್ಚಿಸದೆ ಕಿರಿಯರ ಅಪಕ್ವತೆಯನ್ನಷ್ಟೇ ಎತ್ತಿ ತೋರುವುದು ನ್ಯಾಯವಲ್ಲ. ಅಕ್ಷರ ಸಣ್ಣದಾದರೂ ಹೊಲಿಗೆ ಗಟ್ಟಿಯಾಗಿದೆ. ಪದವಿ ವಿದ್ಯಾರ್ಥಿಗಳು ಧಾರಾಳವಾಗಿ ಕೊಳ್ಳಬಹುದು.