ಅಸಲಿ ಕಾರ್ಡಿನ ಪರೀಕ್ಷೆಗೆ ಎಪ್ಸನ್ ಪರ್ಫೆಕ್ಷನ್ ವಿ600

ಟ್ರೇಡಿಂಗ್ ಕಾರ್ಡು (ಸಂಗ್ರಹಿಸುವ, ಕೊಳ್ಳುವ-ಮಾರುವ ಆಟದ ಚಿತ್ರಕಾರ್ಡು) ಅಸಲಿಯೋ ನಕಲಿಯೋ ಎಂದು ತಾವೇ ಪರೀಕ್ಷಿಸಬಯಸುವ ಸಂಗ್ರಾಹಕರಿಗೆ ಎಪ್ಸನ್ ಪರ್ಫೆಕ್ಷನ್ ವಿ600 ಸ್ಕ್ಯಾನರನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಅದರ 6400 ಡಿಪಿಐ (ಒಂದು ಅಂಗುಲಕ್ಕೆ ಇಷ್ಟು ಚುಕ್ಕಿಗಳೆಂಬ ಅಳತೆ) ಸಾಮರ್ಥ್ಯಕ್ಕಾಗಿ ಅಲ್ಲ, ಒಳಗೆ ಚಿತ್ರವನ್ನು ಹಿಡಿಯುವ ಸಿಸಿಡಿ ಎಂಬ ಬಗೆಯ ಸಂವೇದಕಕ್ಕಾಗಿ. ತೆಳುವಾದ ಸ್ಕ್ಯಾನರುಗಳಲ್ಲಿರುವ ಸಿಐಎಸ್ ಸಂವೇದಕವು ಗಾಜಿಗೆ ತಾಗಿದ್ದನ್ನಷ್ಟೇ ಸ್ಫುಟವಾಗಿ ಹಿಡಿಯುವುದರಿಂದ, ಗ್ರೇಡಿಂಗ್ ಸಂಸ್ಥೆ (ಕಾರ್ಡನ್ನು ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆ) ಮುಚ್ಚಿಕೊಡುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಾದ ಸ್ಲ್ಯಾಬಿನೊಳಗಿನ ಕಾರ್ಡು ಅದರಲ್ಲಿ ಮಸುಕಾಗುತ್ತದೆ. ಸಿಸಿಡಿಗೆ ಆ ಅಂತರ ಅಷ್ಟಾಗಿ ಬಾಧಿಸುವುದಿಲ್ಲ.

63 ಮಿ.ಮೀ. ಅಗಲ, 88 ಮಿ.ಮೀ. ಎತ್ತರದ ಪೋಕಿಮಾನ್ ಅಥವಾ ಮ್ಯಾಜಿಕ್ (ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಆಟದ) ಕಾರ್ಡಿಗೆ 1200 ಡಿಪಿಐ ಬಹುಮಟ್ಟಿಗೆ ಸಾಕು. ಆಗ ಒಂದು ಪಿಕ್ಸೆಲ್ ಸುಮಾರು 0.02 ಮಿ.ಮೀ.ನಷ್ಟಿದ್ದು, ಆಫ್‌ಸೆಟ್ ಮುದ್ರಣದ ನಾಲ್ಕು ಬಣ್ಣದ ಚುಕ್ಕಿಗಳು ಹೂವಿನಂತೆ ಕೂಡಿಕೊಂಡಿರುವ ವಿನ್ಯಾಸ ಕಾಣಿಸುತ್ತದೆ. ಅಸಲಿ ಮ್ಯಾಜಿಕ್ ಕಾರ್ಡಿನ ಕಪ್ಪು ಅಕ್ಷರಗಳು ಗಟ್ಟಿ ಶಾಯಿಯಲ್ಲಿ, ಕಡಿದಂಥ ಅಂಚಿನೊಂದಿಗೆ ನಿಂತಿರುತ್ತವೆ. ಚಿತ್ರ ತೆಗೆದು ಮರುಮುದ್ರಿಸಿದ ನಕಲಿಯಲ್ಲಿ ಅಕ್ಷರವೇ ಬಣ್ಣದ ಚುಕ್ಕಿಗಳಾಗಿ ಒಡೆದಿರುತ್ತದೆ.

ಹಳದಿ ಚುಕ್ಕಿಗಳ ವಿಷಯ ಇನ್ನೂ ಮುಖ್ಯವಾದುದು. ಅನೇಕ ಕಲರ್ ಲೇಸರ್ ಮುದ್ರಕಗಳು ಯಂತ್ರದ ಕ್ರಮಸಂಖ್ಯೆಯನ್ನೂ ಮುದ್ರಣದ ದಿನಾಂಕವನ್ನೂ ಕಣ್ಣಿಗೆ ಕಾಣದಷ್ಟು ತಿಳಿಯಾದ ಹಳದಿ ಚುಕ್ಕಿಗಳಲ್ಲಿ ಅಡಗಿಸಿಡುತ್ತವೆ. 1996ರ ಮೂಲಮಾದರಿಗಳೆಂದು ಮಾರಾಟವಾಗಿ, ಗ್ರೇಡಿಂಗ್ ದೃಢೀಕರಣವನ್ನೂ ಪಡೆದಿದ್ದ ಕೆಲವು ಪೋಕಿಮಾನ್ ಕಾರ್ಡುಗಳ ಸ್ಕ್ಯಾನುಗಳಲ್ಲಿ ಸಂಗ್ರಾಹಕರು 2025ರ ಆರಂಭದಲ್ಲಿ ಓದಿದ್ದು 2024 ಎಂಬ ವರ್ಷವನ್ನು. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಸ್ಕ್ಯಾನಿನ ನೀಲಿ ಚಾನೆಲ್ಲನ್ನು (ನೀಲಿ ಬೆಳಕಿನ ಪದರವನ್ನು) ಮಾತ್ರ ತೆರೆದು ಕಾಂಟ್ರಾಸ್ಟ್ ಏರಿಸಿದರೆ ಹಳದಿ ಚುಕ್ಕಿಗಳು ಕಪ್ಪಾಗಿ ಎದ್ದು ಕಾಣುತ್ತವೆ. ಪರಿಣತರ ಮುದ್ರೆ ಬಿದ್ದ ಮೇಲೂ ಸಾಮಾನ್ಯ ಸಂಗ್ರಾಹಕನೊಬ್ಬ ಸತ್ಯವನ್ನು ಹೊರಗೆಡಹಬಲ್ಲನೆಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇದಕ್ಕೆಲ್ಲ ಸ್ಕ್ಯಾನ್ ತಂತ್ರಾಂಶದ ಅಂದಗೊಳಿಸುವ ಆಯ್ಕೆಗಳನ್ನು ಆಫ್ ಮಾಡಿಡಬೇಕು. ಡಿಸ್ಕ್ರೀನಿಂಗ್ ಇರುವುದೇ ಮುದ್ರಣದ ಚುಕ್ಕಿಗಳನ್ನು ಅಳಿಸಲು, ಅಂದರೆ ನಾವು ಹುಡುಕುವ ಸಾಕ್ಷ್ಯವನ್ನೇ ಅಳಿಸಲು. ಅಂಚುಗಳನ್ನು ಚೂಪುಗೊಳಿಸುವ ಅನ್‌ಶಾರ್ಪ್ ಮಾಸ್ಕ್ ಅಕ್ಷರಗಳಿಗೆ ಇಲ್ಲದ ಅಂಚನ್ನು ಕೊಡುತ್ತದೆ. ಕಡತವನ್ನು ಟಿಫ್ ರೂಪದಲ್ಲಿ ಉಳಿಸಿರಿ, ಏಕೆಂದರೆ ಜೆಪೆಗ್ ಮೊದಲು ಕಳೆಯುವುದು ತಿಳಿ ಬಣ್ಣದ ಇಂಥ ಸೂಕ್ಷ್ಮಗಳನ್ನೇ.

ಹೊಳೆಯುವ ಫಾಯಿಲ್ ಕಾರ್ಡುಗಳು ಯಾವುದೇ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಕಳೆಗುಂದಿ ಕಾಣುತ್ತವೆ. ಕಾಗದದ ದಪ್ಪ, ತೂಕ, ಒಳಪದರಗಳೂ ಸ್ಕ್ಯಾನಿಗೆ ನಿಲುಕುವುದಿಲ್ಲ. ಬಿಡಿ ಕಾರ್ಡಿಗಾದರೆ ಸೂಕ್ಷ್ಮ ತಕ್ಕಡಿಯೂ ಭೂತಗನ್ನಡಿಯೂ ಜೊತೆಗಿರಲಿ. ಸ್ಲ್ಯಾಬಿನಲ್ಲಿ ಮುಚ್ಚಿದ ಕಾರ್ಡನ್ನು ಸ್ಲ್ಯಾಬು ಒಡೆಯದೆ ತೂಗಲಾಗದು, ಮುಟ್ಟಲಾಗದು. ಈ ಸ್ಕ್ಯಾನರಿಗೆ ಹಣ ಹಾಕುವುದು ಅತ್ಯಂತ ಸಾರ್ಥಕವೆನಿಸುವುದು ಅಂಥ ಕಾರ್ಡುಗಳನ್ನು ಕೊಳ್ಳುವವರಿಗೆ.